ನೀರು ಕಾಯುವವಳು ಕೋಡಿ ನೋಡಲು ಹೋದ ದಿನ

ಬಿಟ್ಟಿಯಾಗಿ ಸಿಗುವ ಯಾವ ಸಂತೋಷವನ್ನೂ ಕೈಬಿಡಬಾರದು ಎಂಬ ಹಟ ನಮ್ಮ ಕಟ್ಟಡದ ಗಂಡಸರಿಗೆ ಇತ್ತು. ತುಮಕೂರಿನಲ್ಲಿ ಆಗ ಮಹಡಿಯ ಮೇಲೆ ಮಹಡಿ ಕಟ್ಟಿ, ಒಂದೊಂದರಲ್ಲೂ ಹಲವು ಸಂಸಾರಗಳನ್ನು ಕೂರಿಸುವುದು ಇನ್ನೂ ಹೊಸದು. ಬೀದಿಯವರು ನಮ್ಮದನ್ನು ಬೆಂಕಿಪೊಟ್ಟಣ ಎನ್ನುತ್ತಿದ್ದರು. ಒಳಗಿದ್ದವರು ಮಾತ್ರ ಫ್ಲ್ಯಾಟು ಎನ್ನುತ್ತಿದ್ದರು, ಅದೂ ಗಂಟಲು ಸರಿಮಾಡಿಕೊಂಡು. ಎಲ್ಲರೂ ಯಾವುದಾದರೊಂದು ಆಫೀಸಿನಲ್ಲಿ ಫೈಲು ತಿರುವುವವರು. ಎಲ್ಲರಿಗೂ ಗುಬ್ಬಿಯ ಕಡೆಯೋ ಕುಣಿಗಲ್ಲಿನ ಕಡೆಯೋ ಒಂದಿಷ್ಟು ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ. ನಮ್ಮಪ್ಪ ಸಿ.ಎಸ್. ಪುರದ ಹತ್ತಿರದವರು. ಹುಡುಗರಾಗಿದ್ದಾಗ ಕೊಟ್ಟಿಗೆಯಲ್ಲಿ ಸೆಗಣಿ ಬಾಚಿದವರು, ಫ್ಲ್ಯಾಟಿಗೆ ಬಂದ ಮೇಲೆ ಹೊಲದ ಬದುವಿನ ಮೇಲೆ ಕೂತು ಬುತ್ತಿ ತಿನ್ನುವುದಕ್ಕೆ ‘ಔಟಿಂಗ್’ ಎನ್ನಲು ಕಲಿತರು.

ಈ ಔಟಿಂಗುಗಳಿಗೆ ಒಬ್ಬರು ಯಜಮಾನರಿದ್ದರು. ನೆಲಮಹಡಿಯಲ್ಲಿದ್ದ ರಿಟೈರ್ಡ್ ಹೆಡ್ ಕ್ಲರ್ಕು. ಅವರನ್ನು ಯಾರೂ ಆರಿಸಿರಲಿಲ್ಲ, ಆದರೂ ಕಟ್ಟಡದ ಸೆಕ್ರೆಟರಿ ಅವರೇ. ನೌಕರಿಯಲ್ಲಿದ್ದಾಗ ಯಾರೂ ಕೇಳದಿದ್ದ ಮಾತನ್ನೆಲ್ಲ ಮನೆಗೆ ತಂದು ಕೂಡಿಟ್ಟುಕೊಂಡಿದ್ದರೋ ಏನೋ, ಮೆಟ್ಟಿಲ ಬಳಿ ಕುರ್ಚಿ ಹಾಕಿಕೊಂಡು ಹೋಗುವವರಿಗೆ ಬರುವವರಿಗೆ ಹಂಚುತ್ತಿದ್ದರು. ‘ಫ್ಯಾಮಿಲಿ ಅಂದ್ಮೇಲೆ ಸೀಸನ್‌ಗೆ ತಕ್ಕ ಹಾಗೆ ಎಂಜಾಯ್ ಮಾಡ್ಬೇಕು ಕಣ್ರೀ, ಖರ್ಚಿಲ್ದೆ ಮಾಡ್ಬೇಕು’ ಎನ್ನುವುದು ಅವರ ನಿತ್ಯದ ಪ್ರವಚನ. ನಮ್ಮಪ್ಪನಂಥವರು ತಲೆಯಾಡಿಸುತ್ತಿದ್ದರು.

ಖರ್ಚಿಲ್ಲದ ಎಂಜಾಯ್‌ಮೆಂಟ್ ಹೇಗಿರುತ್ತಿತ್ತು ಎಂದು ಹೇಳುತ್ತೇನೆ. ಚಳಿಗಾಲ ಬಂತೆಂದರೆ ಅವರೆಕಾಯಿ. ತಾರಸಿಯ ಮೇಲೆ ಜಮಖಾನ ಹಾಸಿ, ಎಲ್ಲ ಮನೆಯವರೂ ಸೇರಿ ಹಿತಕಿದ ಅವರೆಬೇಳೆಯ ಸಾರಿನ ಊಟ. ಗಂಡಸರು ಬಿಸಿಲಿಗೆ ಬೆನ್ನು ಕೊಟ್ಟು ರಾಜಕೀಯ ಮಾತಾಡುತ್ತಿದ್ದರು. ಹೆಂಗಸರಿಗೆ ನೆನೆದ ಕಾಳನ್ನು ಹಿತುಕಿ ಹಿತುಕಿ ಹೆಬ್ಬೆರಳು ಸುಕ್ಕಾಗಿ, ಉಗುರ ಸಂದಿ ಉರಿಯುತ್ತಿತ್ತು. ಊಟವಾದ ಮೇಲೆ ಸೆಕ್ರೆಟರಿ ತೇಗಿ, ‘ನೋಡಿ, ಯಾವ ಹೋಟ್ಲಲ್ಲಿ ಸಿಗತ್ತೆ ಇದು?’ ಎನ್ನುತ್ತಿದ್ದರು. ಸಿಗುವುದಿಲ್ಲ ನಿಜ, ಹೋಟೆಲಿನಲ್ಲಿ ಸಂಬಳ ಕೊಡಬೇಕಲ್ಲ. ಬೇಸಿಗೆಯಲ್ಲಿ ಬೆಳದಿಂಗಳ ಊಟ, ಅದಕ್ಕೆ ಮಹಡಿಯಿಂದ ಮಹಡಿಗೆ ಪಾತ್ರೆ ಹೊತ್ತವರು ಯಾರು ಎಂದು ಕೇಳಬೇಡಿ. ವಸ್ತುಪ್ರದರ್ಶನ ಬಂದಾಗ ಇಡೀ ಕಟ್ಟಡ ಸಾಲಾಗಿ ಹೋಗಿ ಎಲ್ಲ ಮಳಿಗೆಗಳನ್ನೂ ನೋಡಿ, ಎಲ್ಲದರ ಬೆಲೆಯನ್ನೂ ವಿಚಾರಿಸಿ, ಏನೂ ಕೊಳ್ಳದೆ ಸಾಲಾಗಿ ವಾಪಸ್ಸು ಬರುತ್ತಿತ್ತು. ಮಳಿಗೆಯವರು ನಮ್ಮನ್ನು ದೂರದಿಂದಲೇ ಕಂಡು ಮುಖ ತಿರುಗಿಸುವುದನ್ನು ನಾನು ನೋಡಿದ್ದೇನೆ. ನನಗೆ ನಾಚಿಕೆಯಾಗುತ್ತಿತ್ತು. ಅಪ್ಪನಿಗೆ ಮಾತ್ರ ಯಾರನ್ನೋ ಗೆದ್ದು ಬಂದ ಖುಷಿ.

ಇಷ್ಟೆಲ್ಲ ಮಜಾದಲ್ಲಿ ನಮ್ಮಮ್ಮನ ಪಾಲು ಏನು ಎನ್ನುವುದು ನೀರಿನ ಕಥೆ ಹೇಳದೆ ತಿಳಿಯುವುದಿಲ್ಲ. ನಮ್ಮ ಕಟ್ಟಡಕ್ಕೆ ನಲ್ಲಿ ನೀರು ಯಾವ ದಿನ ಯಾವ ಹೊತ್ತಿಗೆ ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಬಂದಾಗ ಹಿಡಿಯಬೇಕು, ಹಿಡಿಯದಿದ್ದರೆ ಬಾಯಿ ಒಣಗಿಸಿಕೊಂಡು ಕೂರಬೇಕು. ಅದಕ್ಕೆ ಎಲ್ಲ ಮನೆಯವರೂ ಒಂದು ಉಪಾಯ ಮಾಡಿಕೊಂಡಿದ್ದರು. ಬಚ್ಚಲಿನ ನಲ್ಲಿಯನ್ನು ಯಾವತ್ತೂ ನಿಲ್ಲಿಸುತ್ತಿರಲಿಲ್ಲ, ಪೂರಾ ತಿರುಗಿಸಿಯೇ ಇಟ್ಟು ಕೆಳಗೆ ಹಳೆಯ ಎಣ್ಣೆ ಡಬ್ಬವೊಂದನ್ನು ಬೋರಲು ಹಾಕುತ್ತಿದ್ದರು. ಮೊದಲು ನಲ್ಲಿ ಬುಸ್ಸೆಂದು ಗಾಳಿ ಬಿಡುತ್ತಿತ್ತು, ಆಮೇಲೆ ನೀರು ಡಬ್ಬದ ತಳದ ಮೇಲೆ ಡಬಡಬ ಬಡಿಯುತ್ತಿತ್ತು. ಆ ಸದ್ದು ಕೇಳಿದ್ದೇ ತಡ, ಅಡುಗೆಮನೆಯಲ್ಲಿದ್ದವರು, ಪೂಜೆಗೆ ಕೂತವರು, ಮಗುವಿಗೆ ಹಾಲೂಡಿಸುತ್ತಿದ್ದವರು ಎಲ್ಲ ಬಿಟ್ಟು ಎದ್ದು ಓಡುತ್ತಿದ್ದರು. ಅಂದರೆ ಹೆಂಗಸರು ಓಡುತ್ತಿದ್ದರು. ನಮ್ಮಪ್ಪ ಅದೇ ಬಚ್ಚಲ ಬಾಗಿಲ ಪಕ್ಕ ಪೇಪರ್ ಓದುತ್ತಾ ಕೂತಿರುತ್ತಿದ್ದರು. ಡಬ್ಬ ಬಡಿದುಕೊಂಡರೆ, ‘ನೀರ್ ಬಂತು ಕಣೇ’ ಎಂದು ಕೂಗಿ ಪೇಪರಿನ ಹಾಳೆ ಮಗುಚುತ್ತಿದ್ದರು. ಅವರ ಕಿವಿಗೆ ಅದು ಅಮ್ಮನನ್ನು ಕರೆಯುವ ಗಂಟೆ.

ಔಟಿಂಗಿಗೆ ಎಲ್ಲರೂ ಹೊರಟರೆ ನೀರು ಹಿಡಿಯುವವರು ಯಾರು? ಒಬ್ಬ ಹೆಂಗಸು ಉಳಿಯಬೇಕು, ಎಲ್ಲ ಮನೆಗಳ ಬೀಗದ ಕೈ ಇಟ್ಟುಕೊಂಡು, ನೀರು ಬಂದಾಗ ಮೇಲೆ ಕೆಳಗೆ ಓಡಾಡಿ ಎಲ್ಲರ ಡ್ರಮ್ಮು ಹಂಡೆ ತುಂಬಿಸಬೇಕು ಎಂದು ಸೆಕ್ರೆಟರಿ ಕಾನೂನು ಮಾಡಿದರು. ‘ಸರದಿ ಪ್ರಕಾರ’ ಎಂದೂ ಸೇರಿಸಿದರು. ಸರದಿ ಎನ್ನುವುದು ಮಾತಿಗೆ ಮಾತ್ರ. ಮೇಲಿನ ಮನೆಯಾಕೆಗೆ ಹೊರಡುವ ಹಿಂದಿನ ದಿನ ತಲೆನೋವು ಬರುತ್ತಿತ್ತು. ಆಕೆಗೆ ಗಾಳಿ ಬೇಕು. ಎದುರುಮನೆಯಾಕೆಗೆ ಚಿಕ್ಕ ಮಗು. ಸೆಕ್ರೆಟರಿಯ ಹೆಂಡತಿ ಸೆಕ್ರೆಟರಿಯ ಹೆಂಡತಿ. ಕೊನೆಗೆ ಬೀಗದ ಕೈ ಗೊಂಚಲು ನಮ್ಮನೆಗೇ ಬರುತ್ತಿತ್ತು. ‘ನಮ್ಮನೇಲಿ ಇದ್ದಾಳಲ್ಲ, ಅವಳೇನೂ ಅನ್ಕೊಳಲ್ಲ’ ಎಂದು ಅಪ್ಪ ಧಾರಾಳವಾಗಿ ಹೇಳಿಬಿಡುತ್ತಿದ್ದರು. ಅಮ್ಮನ ಸಹನೆಯನ್ನು ದಾನ ಮಾಡಿ ಪುಣ್ಯ ತಾವು ಕಟ್ಟಿಕೊಳ್ಳುವ ಮನುಷ್ಯ.

ಹುತ್ರಿದುರ್ಗದ ಬೆಟ್ಟ ಹತ್ತಲು ಹೋದಾಗಲೂ ಅಮ್ಮ ಮನೆಯಲ್ಲಿ. ಅವಳ ತವರು ಆ ಬೆಟ್ಟದ ಬುಡದಲ್ಲೇ ಇದೆ ಎನ್ನುವುದು ಯಾರಿಗೂ ನೆನಪಾಗಲಿಲ್ಲ. ಬೆಳಿಗ್ಗೆ ಬೇಗ ಎದ್ದು ನಮಗೆಲ್ಲ ಚಿತ್ರಾನ್ನ ಕಲೆಸಿ, ಮೊಸರನ್ನಕ್ಕೆ ಒಗ್ಗರಣೆ ಹಾಕಿ, ಡಬ್ಬಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಂತಳು. ನಾವು ಬೆಟ್ಟದ ಮೇಲೆ ಕೂತು ಅವಳ ಕೈಯಡುಗೆ ತಿನ್ನುವಾಗ ಸೆಕ್ರೆಟರಿ ಕೋಟೆಯ ಇತಿಹಾಸ ಹೇಳಿದರು. ಒಂದಕ್ಕೂ ಬುಡ ಇಲ್ಲ ತಲೆ ಇಲ್ಲ. ಅಮ್ಮ ಇದ್ದಿದ್ದರೆ ಯಾವ ಬಂಡೆಯ ಹಿಂದೆ ಚೆನ್ನಾದ ನೆರಳಿದೆ ಎಂದಾದರೂ ತೋರಿಸುತ್ತಿದ್ದಳು. ಸಂಜೆ ನಾವು ಬಂದಾಗ ಅವಳು ಮೆಟ್ಟಿಲ ಮೇಲೆ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದಳು. ಎಲ್ಲರ ಮನೆಯ ಹಂಡೆಯೂ ತುಂಬಿತ್ತು. ‘ಚೆನ್ನಾಗಿತ್ತೇನೇ ಬೆಟ್ಟ?’ ಎಂದು ಕೇಳಿದಳು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು, ಅವಳ ಮೇಲೂ ಬಂತು.

ಎಂಬತ್ತರ ದಶಕ ಶುರುವಾಗಿದ್ದ ಕಾಲ. ಆ ವರ್ಷ ಹಿಂಗಾರು ಮಳೆ ಬಿಡದೆ ಹೊಡೆಯಿತು. ಕುಣಿಗಲ್ ದೊಡ್ಡ ಕೆರೆ ತುಂಬಿ ಕೋಡಿ ಬಿದ್ದಿದೆ ಎಂಬ ಸುದ್ದಿ ಬಸ್ಸಿನವರಿಂದ ಆಫೀಸಿಗೆ, ಆಫೀಸಿನಿಂದ ಫ್ಲ್ಯಾಟಿಗೆ ಬಂತು. ಕೆರೆ ಕೋಡಿ ನೋಡಲು ಹೋಗುವುದು ನಮ್ಮ ಕಡೆ ಎಲ್ಲಕ್ಕಿಂತ ಅಗ್ಗದ ಮಜಾ. ಟಿಕೆಟ್ಟಿಲ್ಲ, ಕಾವಲಿಲ್ಲ, ನೀರು ಹರಿಯುತ್ತದೆ, ನಿಂತು ನೋಡಬೇಕು. ಸೆಕ್ರೆಟರಿ ಕುರ್ಚಿಯಿಂದ ಎದ್ದೇ ಬಿಟ್ಟರು. ಮನೆಯಲ್ಲಿ ಚೊಂಬು ನೀರಿಗೆ ಲೆಕ್ಕ ಹಾಕುವ ಜನ, ಬೇರೆ ಊರಿನಲ್ಲಿ ನೀರು ಹರಿದು ಹೋಗುವುದನ್ನು ನೋಡಲು ಸಂಸಾರ ಸಮೇತ ಹೊರಡುವುದೆಂದು ತೀರ್ಮಾನಿಸಿದರು. ಯಾರಿಗೂ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಆ ದಿನ ಸಂಜೆ ಅಪ್ಪ ಈ ವಿಷಯ ಹೇಳುವಾಗ ಅಮ್ಮ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಿ, ‘ನಾನೂ ಬರ್ತೀನಿ’ ಎಂದಳು.

‘ನೀನಾ? ನೀರು?’

‘ಬೇರೆ ಯಾರಾದ್ರೂ ಕಾಯ್ಲಿ. ನಾನು ಚಿಕ್ಕೋಳಿದ್ದಾಗ ನಮ್ಮಜ್ಜಿ ಜೊತೆ ಗಾಡೀಲಿ ಹೋಗಿ ಆ ಕೆರೆಗೆ ಬಾಗಿನ ಕೊಟ್ಟಿದ್ದೆ. ಮದ್ವೆ ಆದ್ಮೇಲೆ ಅದು ತುಂಬಿರೋದನ್ನ ನೋಡೇ ಇಲ್ಲ. ಈ ಸಲ ಬರ್ತೀನಿ.’

ಅಪ್ಪ ನಕ್ಕರು. ಅವಳು ತಮಾಷೆ ಮಾಡುತ್ತಿದ್ದಾಳೆಂದು ನಿಜವಾಗಿ ನಂಬಿದ್ದರು. ಆದರೆ ಮಾರನೆಯ ದಿನ ಅಮ್ಮ ಪೇಟೆಗೆ ಹೋಗಿ ಒಂದು ಜೊತೆ ಹೊಸ ಮೊರ ತಂದಳು. ಅರಿಶಿನ, ಕುಂಕುಮ, ಕಪ್ಪು ಬಳೆ, ಬಿಚ್ಚೋಲೆ, ರವಿಕೆ ಕಣ, ಕಾಯಿ ಎಲ್ಲ ಒಂದೊಂದಾಗಿ ಜೋಡಿಸಿ ಒಂದು ಮೊರದ ಮೇಲೆ ಇನ್ನೊಂದನ್ನು ಮುಚ್ಚಿ ದಾರ ಕಟ್ಟಿದಳು. ಅವಳು ಇಷ್ಟು ಸಂಭ್ರಮದಿಂದ ಏನನ್ನಾದರೂ ತನಗಾಗಿ ಮಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನಗೆ ಹೆದರಿಕೆಯೂ ಆಯಿತು. ಕೊನೆಯ ಗಳಿಗೆಯಲ್ಲಿ ಯಾರಾದರೂ ಬೀಗದ ಕೈ ಗೊಂಚಲು ತಂದು ಅವಳ ಕೈಗೆ ಹಾಕಿಬಿಟ್ಟರೆ ಎಂದು.

ಹಾಗೇ ಆಗುವುದರಲ್ಲಿತ್ತು. ಹೊರಡುವ ಬೆಳಿಗ್ಗೆ ಕಟ್ಟಡದ ಮುಂದೆ ಗುಬ್ಬಿಯ ಕಾಯಿ ಮಂಡಿಗೆ ಹೋಗಿಬರುವ ಲಾರಿಯೊಂದು ಬಂದು ನಿಂತಿತು. ಯಾರದೋ ಭಾವಮೈದುನನ ಮುಲಾಜಿನಿಂದ ಸಿಕ್ಕ ಲಾರಿ. ಒಳಗೆಲ್ಲ ತೆಂಗಿನ ನಾರು, ಅದರ ಮೇಲೆ ಜಮಖಾನ. ಎದುರುಮನೆಯಾಕೆ ಗೊಂಚಲು ಹಿಡಿದು ನೇರವಾಗಿ ಅಮ್ಮನ ಹತ್ತಿರ ಬಂದಳು. ಅಮ್ಮ ಎರಡೂ ಕೈಯಲ್ಲಿ ಮೊರದ ಬಾಗಿನ ಹಿಡಿದಿದ್ದಳು.

‘ಇಟ್ಕೊಳಿ ಅಕ್ಕ, ನೀವಿರ್ತೀರಲ್ಲ.’

‘ಕೈ ಖಾಲಿ ಇಲ್ಲ ಕಣಮ್ಮ. ನಾನೂ ಬರ್ತಾ ಇದೀನಿ.’

ಮೇಲಿನ ಮನೆಯಾಕೆ ಹಣೆ ಒತ್ತಿಕೊಳ್ಳತೊಡಗಿದಳು. ಅಪ್ಪ ಹಲ್ಲು ಕಚ್ಚಿಕೊಂಡು, ‘ಎಲ್ಲರ ಮುಂದೆ ಮರ್ಯಾದೆ ತೆಗೀಬೇಡ ಕಣೇ’ ಎಂದು ಪಿಸುಗುಟ್ಟಿದರು. ಅಮ್ಮ ಅವರ ಕಡೆ ನೋಡಲೇ ಇಲ್ಲ, ಲಾರಿಯ ಹಿಂದೆ ಹೋಗಿ, ‘ಹತ್ತಿಸ್ಕೊಳಪ್ಪ’ ಎಂದು ಡ್ರೈವರನ್ನು ಕರೆದಳು. ಅವನು, ‘ಬನ್ನಿ ತಾಯಿ, ಮೊರ ಇತ್ತಾಗ್ ಕೊಡಿ’ ಎಂದು ಮೊದಲು ಬಾಗಿನವನ್ನು, ಆಮೇಲೆ ಅವಳನ್ನು ಹತ್ತಿಸಿಕೊಂಡ. ಆಗ ಸೆಕ್ರೆಟರಿ ತಮ್ಮ ಜ್ಞಾನಭಂಡಾರ ತೆರೆದರು. ‘ನಿನ್ನೆ ತಾನೆ ನೀರು ಬಂದಿದೆ ಕಣ್ರೀ. ಇವತ್ತು ಬರೋ ಛಾನ್ಸೇ ಇಲ್ಲ. ಈ ಕಟ್ಟಡದ ನೀರು ನನಗೆ ಗೊತ್ತಿಲ್ವಾ? ನಡೀರಿ, ನಡೀರಿ’ ಎಂದರು. ಎಲ್ಲರೂ ಬೀಗ ಎಳೆದು ನೋಡಿ ಲಾರಿ ಹತ್ತಿದರು. ಬೀಗ ಎಳೆದು ನೋಡಿದವರು ನಲ್ಲಿಯನ್ನು ನೋಡಲಿಲ್ಲ. ನಲ್ಲಿ ನಿಲ್ಲಿಸುವ ಅಭ್ಯಾಸವೇ ಆ ಕಟ್ಟಡದಲ್ಲಿ ಯಾರಿಗೂ ಇರಲಿಲ್ಲವಲ್ಲ.

ಕುಣಿಗಲ್ಲಿನಲ್ಲಿ ಕೆರೆ ಏರಿಯ ಮೇಲೆ ಜನವೋ ಜನ. ಕಡಲೆಕಾಯಿಯವರು, ಸೌತೆಕಾಯಿಯವರು, ಬೆಲೂನಿನವರು. ನಮ್ಮ ಗಂಡಸರು ಹೋದ ತಕ್ಷಣ ಕೆರೆ ಎಷ್ಟು ಆಳ ಎಂದು ಜಗಳ ಶುರು ಮಾಡಿದರು. ಒಬ್ಬರಿಗೂ ಗೊತ್ತಿಲ್ಲ, ಒಬ್ಬರೂ ಸೋಲುವುದಿಲ್ಲ. ಊಟದ ಪಾತ್ರೆಗಳನ್ನು ಒಂದು ಹುಣಸೆಮರದ ಕೆಳಗೆ ಇಳಿಸಿದ ಮೇಲೆ ಸೆಕ್ರೆಟರಿ ಸುತ್ತ ನೋಡಿ, ‘ಕೋತಿ ಕಾಟ ಇದೆ. ಯಾರಾದ್ರೂ ಒಬ್ರು ಇಲ್ಲಿ ಕೂತ್ಕೋಬೇಕು’ ಎಂದರು. ಅವರ ಕಣ್ಣು ನಿಂತದ್ದು ನಮ್ಮಮ್ಮನ ಮೇಲೆ. ಅಪ್ಪ ಕೂಡಲೇ, ‘ನೀನು ಕೂತಿರು, ನಾವು ನೋಡ್ಕೊಂಡು ಬಂದ್ಬಿಡ್ತೀವಿ’ ಎಂದರು. ಮನೆಯಲ್ಲಿ ಹಂಡೆ ಕಾಯುವುದು ತಪ್ಪಿದರೆ ಇಲ್ಲಿ ಚಿತ್ರಾನ್ನ ಕಾಯುವುದು. ಆ ಮನುಷ್ಯನಿಗೆ ಹೆಂಡತಿಯನ್ನು ಯಾವುದಾದರೂ ಪಾತ್ರೆಯ ಪಕ್ಕ ಕೂರಿಸದೆ ಸಮಾಧಾನವೇ ಇರುತ್ತಿರಲಿಲ್ಲ.

ಅಮ್ಮ ಕೋಸಂಬರಿಯ ಪಾತ್ರೆಯಿಂದ ಸೌಟು ತೆಗೆದು ಅಪ್ಪನ ಕೈಗೆ ಕೊಟ್ಟಳು. ‘ಕೋತಿ ಬಂದ್ರೆ ಇದನ್ನ ಬೀಸಿ’ ಎಂದಳು. ಬಾಗಿನ ಎತ್ತಿಕೊಂಡು ನನ್ನನ್ನು ಕರೆದಳು. ಅಪ್ಪ ಸೌಟು ಹಿಡಿದು ನಿಂತದ್ದನ್ನು ನಾನು ಹಿಂದಿರುಗಿ ನೋಡಿದೆ. ಆಫೀಸಿನ ಜನ ಯಾರಾದರೂ ಕಂಡುಬಿಟ್ಟಾರೆಂದು ಸೌಟನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದರು. ನನಗೆ ಆದ ಸಂತೋಷಕ್ಕೆ ಮಿತಿಯೇ ಇಲ್ಲ.

ಕೆರೆಯ ಮೆಟ್ಟಿಲ ಬಳಿ ಅಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ನೀರಿಗೆ ಇಳಿದಳು. ಮೊರವನ್ನು ಮೆಲ್ಲಗೆ ತೇಲಿಬಿಟ್ಟು ಕೈಮುಗಿದಳು. ಮೊರ ಅಲ್ಲೇ ಒಂದು ಸುತ್ತು ತಿರುಗಿ, ಆಮೇಲೆ ಗಾಳಿ ಎಳೆದ ಕಡೆಗೆ ಹೋಯಿತು. ಅಲ್ಲಿಂದ ಕೋಡಿಯ ಕಡೆಗೆ ನಡೆದೆವು. ನೀರು ಕಟ್ಟೆ ದಾಟಿ ಬೆಳ್ಳಗೆ ಬೀಳುತ್ತಿತ್ತು, ಕೆಳಗೆ ಕಲ್ಲುಗಳ ನಡುವೆ ಕಾಲು ಮುಳುಗುವಷ್ಟು ಹರಿಯುತ್ತಿತ್ತು. ಅಮ್ಮ ಅದರಲ್ಲಿ ಹೋಗಿ ನಿಂತಳು. ಬಹಳ ಹೊತ್ತು ನಿಂತಳು. ಎದ್ದು ಓಡಬೇಕಾಗಿಲ್ಲದ ನೀರನ್ನು, ಯಾವ ಪಾತ್ರೆಗೂ ತುಂಬಬೇಕಾಗಿಲ್ಲದ ನೀರನ್ನು ಅವಳು ಸುಮ್ಮನೆ ನೋಡುತ್ತಿದ್ದಳು. ಒಂದು ಸಲ ನನ್ನ ಕಡೆ ತಿರುಗಿ, ‘ನೋಡೇ, ಯಾರೂ ಹಿಡೀತಾ ಇಲ್ಲ’ ಎಂದು ನಕ್ಕಳು. ನನಗೆ ಅಳು ಬಂತು. ಯಾಕೆಂದು ಆಗ ತಿಳಿಯಲಿಲ್ಲ, ಈಗ ಚೆನ್ನಾಗಿ ತಿಳಿದಿದೆ.

ನಾವು ಮರಳುವ ಹೊತ್ತಿಗೆ ಕೋತಿಗಳು ಬಂದು ಹೋಗಿದ್ದವು. ಮೊಸರನ್ನದ ಪಾತ್ರೆ ಬೋರಲು ಬಿದ್ದಿತ್ತು. ಉಳಿದ ಚಿತ್ರಾನ್ನವನ್ನು ಎಲ್ಲರೂ ಹಂಚಿಕೊಂಡು ತಿಂದು, ಖರ್ಚಿಲ್ಲದೆ ದಿನ ಕಳೆಯಿತೆಂದು ಸೆಕ್ರೆಟರಿಯಿಂದ ಒಂದು ಭಾಷಣ ಕೇಳಿ, ಲಾರಿ ಹತ್ತಿದೆವು.

ಮುಸ್ಸಂಜೆಗೆ ತುಮಕೂರು ಸೇರಿ ಲಾರಿಯಿಂದ ಇಳಿದಾಗ ಕಟ್ಟಡದ ಒಳಗಿನಿಂದ ಒಂದು ಸದ್ದು ಕೇಳುತ್ತಿತ್ತು. ಬೆಳಿಗ್ಗೆಯಿಂದ ಕಿವಿಯಲ್ಲಿ ಕೋಡಿಯ ಅದೇ ಸದ್ದು ತುಂಬಿದ್ದರಿಂದ ಮೊದಲು ಯಾರೂ ಗಮನಿಸಲಿಲ್ಲ. ಒಂದು ಚಪ್ಪಲಿ ತೇಲುತ್ತಾ ಹೊರಗೆ ಬಂದ ಮೇಲೆ ಎಲ್ಲರೂ ನಿಂತರು. ಮೇಲಿನ ಮಹಡಿಯಿಂದ ಮೆಟ್ಟಿಲು ಮೆಟ್ಟಿಲಾಗಿ ನೀರು ಇಳಿದು ಬರುತ್ತಿತ್ತು. ಬಾಗಿಲ ಮುಂದಿನ ಚಾಪೆ, ಪೊರಕೆ, ಯಾರೋ ಹೊರಗೆ ಹರವಿದ್ದ ಈರುಳ್ಳಿ ಎಲ್ಲ ಅದರ ಜೊತೆ ಬರುತ್ತಿದ್ದವು. ಎಲ್ಲ ಮನೆಗಳ ನಲ್ಲಿಯೂ ಪೂರಾ ತೆರೆದಿತ್ತು. ವರ್ಷವಿಡೀ ಕೊಸರಾಡಿ ಬರುತ್ತಿದ್ದ ನೀರು ಅಂದು ಮಾತ್ರ ತನ್ನ ಪೌರುಷವನ್ನೆಲ್ಲ ತೋರಿಸಿತ್ತು. ಎಲ್ಲ ಬಚ್ಚಲಲ್ಲೂ ಡಬ್ಬಗಳು ಡಬಡಬ ಬಡಿದುಕೊಂಡು ಕರೆದಿರಬೇಕು, ಓಡಿಬರುವವರು ಕುಣಿಗಲ್ಲಿನಲ್ಲಿ ನೀರು ನೋಡುತ್ತಿದ್ದರು. ಬಚ್ಚಲ ತೂಬಿಗೆ ಡಬ್ಬ ಉರುಳಿ ಅಡ್ಡ ಬಿದ್ದ ಮನೆಗಳಲ್ಲಿ ಹೊಸ್ತಿಲು ದಾಟಿ ಹರಿದಿತ್ತು. ನೆಲಮಹಡಿಯ ಸೆಕ್ರೆಟರಿಯ ಮನೆಯ ಸೂರಿನಿಂದ ನೀರು ಅವರ ಸೋಫಾದ ಮೇಲೇ ತೊಟ್ಟಿಕ್ಕುತ್ತಿತ್ತು.

ಮೊದಲು ಬಾಯಿ ಬಿಟ್ಟವರು ಸೆಕ್ರೆಟರಿಯೇ. ‘ಅದಕ್ಕೇ ಹೇಳೋದು, ಒಬ್ರು ಇರ್ಬೇಕು ಅಂತ!’ ಎಂದರು. ಬೆಳಿಗ್ಗೆ ಹೇಳಿದ ಮಾತು ಅವರ ನಾಲಗೆಯಿಂದ ತೊಳೆದು ಹೋಗಿತ್ತು. ಕಣ್ಣುಗಳೆಲ್ಲ ಅಮ್ಮನ ಕಡೆ ತಿರುಗಿದವು. ತಾನು ತೆರೆದ ನಲ್ಲಿಯನ್ನು ಯಾರೂ ನೆನೆಯಲಿಲ್ಲ. ‘ಒಂದಿನ ಇದ್ದಿದ್ರೆ ಏನಾಗ್ತಿತ್ತು?’ ಎಂದು ಎದುರುಮನೆಯಾಕೆ ಮೂಗೆಳೆದಳು. ಅಪ್ಪ ಸೌಟಿನ ಸಿಟ್ಟನ್ನೂ ಸೇರಿಸಿ ಕೂಗಾಡಿದರು. ‘ನಿನ್ನ ಕೋಡಿ ಚಪಲಕ್ಕೆ ಇಡೀ ಕಟ್ಟಡ ಹಾಳಾಯ್ತಲ್ಲೇ! ಏನ್ ಹೇಳ್ತೀಯ ಈಗ ಇವರಿಗೆಲ್ಲ?’

ಅಮ್ಮ ಚಪ್ಪಲಿ ಬಿಟ್ಟು ಕೆಳಗಿನ ಮೆಟ್ಟಿಲ ಮೇಲೆ, ಹರಿಯುವ ನೀರಿನಲ್ಲೇ ಕೂತಳು. ಹೆದರುತ್ತಾಳೆ ಎಂದುಕೊಂಡೆ. ಹೆದರಲಿಲ್ಲ. ಕಾಲು ಚಾಚಿಕೊಂಡು ಹೇಳಿದಳು: ‘ಕೋಡಿ ಬಿದ್ರೆ ಬಾಗಿನ ಕೊಡ್ತಾರೆ ರೀ. ಯಾರೂ ಬೈಯಲ್ಲ.’

ಲಾರಿ ಡ್ರೈವರು ಗೊಳ್ಳೆಂದು ನಕ್ಕ. ಮೇಲಿನ ಮನೆಯಾಕೆ ಸೆರಗು ಬಾಯಿಗೆ ಅಡ್ಡ ಹಿಡಿದಳು, ಆಮೇಲೆ ಆಕೆಯೂ ತಡೆಯಲಾರದೆ ನಕ್ಕಳು. ಗಂಡಸರು ನಗಲಿಲ್ಲ. ಪಂಚೆ ಪ್ಯಾಂಟು ಮೇಲೆತ್ತಿಕೊಂಡು ನಲ್ಲಿ ನಿಲ್ಲಿಸಲು ಮೆಟ್ಟಿಲು ಹತ್ತಿದರು. ನಮ್ಮಪ್ಪ ನಮ್ಮ ಬಚ್ಚಲಿಗೆ ಹೋಗಿ, ಯಾವ ಕಡೆ ತಿರುಗಿಸಿದರೆ ನಲ್ಲಿ ನಿಲ್ಲುತ್ತದೆ ಎಂದು ಮೇಲಿನಿಂದ ಕೂಗಿ ಕೇಳಿದರು.

ಅದಾದ ಮೇಲೆ ಮೆಟ್ಟಿಲ ಬಳಿ ಮೀಟಿಂಗು. ಇನ್ನು ಮುಂದೆ ನೀರು ಕಾಯುವ ಸರದಿ ನಿಜವಾದ ಸರದಿಯಾಗಲಿ, ಗಂಡಸರೂ ಸೇರಲಿ ಎಂದು ಮೇಲಿನ ಮನೆಯಾಕೆಯೇ ಎದ್ದು ಹೇಳಿದಳು. ಗಂಡಸರು ಗಂಭೀರವಾಗಿ ಯೋಚಿಸಿದರು. ಯೋಚಿಸಿ, ಈ ಕಾಲದಲ್ಲಿ ಔಟಿಂಗುಗಳೇ ವ್ಯರ್ಥ, ಮಕ್ಕಳ ಓದು ಹಾಳಾಗುತ್ತದೆ ಎಂದು ತೀರ್ಮಾನಿಸಿದರು. ಋತುವಿಗೆ ತಕ್ಕ ಸಂತೋಷದ ಪ್ರವಚನ ಅಲ್ಲಿಗೆ ಮುಗಿಯಿತು. ಹಂಡೆಯ ಪಕ್ಕ ಒಂದು ದಿನ ಕೂರಬೇಕಾಗಬಹುದು ಎಂದಾಗ ಅವರಿಗೆ ಬೆಟ್ಟವೂ ಬೇಡ, ಬೆಳದಿಂಗಳೂ ಬೇಡ. ಅಷ್ಟೇ ಇತ್ತು ಆ ಮಹಾಶಯರ ರಸಿಕತೆ.

ಎರಡು ಮೂರು ಮಳೆಗಾಲ ಕಳೆದು ಕೆರೆ ಮತ್ತೆ ಕೋಡಿ ಬಿತ್ತು. ಅಮ್ಮ ಯಾರನ್ನೂ ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ಮೊರದ ಬಾಗಿನ ಕಟ್ಟಿಕೊಂಡು, ನನ್ನನ್ನು ಎಬ್ಬಿಸಿಕೊಂಡು ಬಸ್ಸಿಗೆ ಹೊರಟಳು. ನಾವು ಬೀದಿಗೆ ಇಳಿದಾಗ ಅಪ್ಪ ಕೈಯಲ್ಲಿ ಪೇಪರ್ ಹಿಡಿದುಕೊಂಡೇ ಬಾಲ್ಕನಿಗೆ ಬಂದರು. ಮುಖದಲ್ಲಿ ಪೂರಾ ಗಾಬರಿ.

‘ಲೇ, ನೀರ್ ಬಂದ್ರೆ?’

ಅಮ್ಮ ನಡಿಗೆ ನಿಲ್ಲಿಸದೆ ಹೇಳಿದಳು:

‘ಡಬ್ಬ ಬಡ್ಕೊಳತ್ತೆ. ಎದ್ದು ಓಡಿ.’